ಇಂಗ್ಲೆಂಡಿನಲ್ಲಿ ಪಬ್ ಬಾಡಿಗೆಗೆ ಹಿಡಿಯಬೇಕು ಅಂತಿದ್ದೇವೆ. ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಕುಂದಾಪ್ರದ ಬಾಣಸಿಗ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿಗೆ ಬಂದು 14 ವರ್ಷ ಆಯ್ತು. ಅಷ್ಟೂ ವರ್ಷ ಬೇರೆಯವರ ಅಡುಗೆಮನೆಯಲ್ಲೇ ಬೆವರು ಸುರಿಸಿದ್ದೇನೆ. ಹೆಂಡತಿ ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರಿಗೂ ಈಗ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. ಮಗಳಿಗೆ 11.

ಕವೆಂಟ್ರಿ ಹತ್ತಿರ ಊರಾಚೆ ಒಂದು ಹಳೇ ಪಬ್ ಖಾಲಿ ಇದೆ. ದೊಡ್ಡ ಪಬ್ ಕಂಪನಿಯದ್ದು. ಕೆಳಗೆ ಎರಡು ಕೋಣೆ, ಹಿಂದೆ ತೋಟ, ಮಹಡಿ ಮೇಲೆ ಮೂರು ಬೆಡ್‌ರೂಮಿನ ಮನೆ. 5 ವರ್ಷದ ಟೆನೆನ್ಸಿ, ವರ್ಷಕ್ಕೆ 28,000 ಪೌಂಡ್ ಬಾಡಿಗೆ. ಡಿಪಾಸಿಟ್ 7,000. ಒಳಗಿನ ಮೇಜು, ಕುರ್ಚಿ, ಫ್ರಿಜ್ಜು ಎಲ್ಲ ಸೇರಿ 18,000. ಸ್ಟಾಕಿಗೆ ಸುಮಾರು 5,000. ಅಂದರೆ ಬಾಗಿಲು ತೆಗೆಯುವ ಮುಂಚೆಯೇ 30,000. ನಮ್ಮ ಉಳಿತಾಯ 45,000. ಜಾಹೀರಾತಿನಲ್ಲಿ ವರ್ಷಕ್ಕೆ 200 ಬ್ಯಾರೆಲ್ ಮಾರಾಟ ಅಂತ ಹಾಕಿದ್ದಾರೆ. ಬಿಯರೆಲ್ಲ ಅವರಿಂದಲೇ ಕೊಳ್ಳಬೇಕು. ಊಟ ನಮ್ಮಿಷ್ಟ.

ನನ್ನ ಕನಸು ಅಂದರೆ ಆ ಅಡುಗೆಮನೆ. ಘೀ ರೋಸ್ಟ್, ಕೋಳಿ ಸುಕ್ಕ, ನೀರ್ ದೋಸೆ. ಬಾರ್ ಹೆಂಡತಿ ನೋಡಿಕೊಳ್ಳುತ್ತಾಳೆ. ಬಾಡಿಗೆಯೇನೂ ಜಾಸ್ತಿ ಅನಿಸಲಿಲ್ಲ. ತಿಳಿದವರು ಹೇಳಿ ಮಾರಾಯ್ರೆ.

ಬೆಂಗ್ಳೂರ್ ಗುರು · ಭಾನುವಾರ ರಾತ್ರಿ

ಹಿಡಿ ಗುರು, ಯೋಚನೆ ಯಾಕೆ? ಇಲ್ಲಿ ಬೆಂಗಳೂರಲ್ಲಿ ಬಾರ್ ನಡೆಸೋ ಸಿಎಲ್-9 ಲೈಸೆನ್ಸ್ ಕೈಗೆ ಸಿಗಬೇಕಂದ್ರೆ ಕೋಟಿ ಲೆಕ್ಕದಲ್ಲಿ ಮಾತಾಡ್ತಾರೆ. ಲೈಸೆನ್ಸ್ ಇದ್ದವನು ಕುಂತು ತಿಂತಾನೆ. ನಿನಗೆ ಲೈಸೆನ್ಸ್ ಸಮೇತ ಮನೆಯೂ ಸಿಗ್ತಿದೆ. ಇದಕ್ಕಿಂತ ಇನ್ನೇನು ಬೇಕು?

ಕೈ ಸುಟ್ಟವನು · ಭಾನುವಾರ ರಾತ್ರಿ

ಗುರುಗಳೇ, ನಿಮ್ಮ ಲೆಕ್ಕ ಕರ್ನಾಟಕಕ್ಕೆ ಸರಿ, ಇಲ್ಲಿಗಲ್ಲ. ಅಲ್ಲಿ ಲೈಸೆನ್ಸ್ ಸಿಗೋದೇ ಕಷ್ಟ, ಅದಕ್ಕೇ ಅದಕ್ಕೆ ಬೆಲೆ. ಇಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ ಪ್ರಕಾರ ನಿಯಮ ಪಾಲಿಸುವವರಿಗೆ ಕೌನ್ಸಿಲ್ ಲೈಸೆನ್ಸ್ ಕೊಡುತ್ತದೆ. ಒಂದು ದಿನದ ಕೋರ್ಸು, ಪರೀಕ್ಷೆ, ಕ್ರಿಮಿನಲ್ ರೆಕಾರ್ಡ್ ಚೆಕ್, 37 ಪೌಂಡ್ ಫೀಸು. ಇಷ್ಟಾದರೆ ಮದ್ಯ ಮಾರುವ ಪರ್ಸನಲ್ ಲೈಸೆನ್ಸ್ ಕೈಗೆ ಬರುತ್ತದೆ. ಅದಕ್ಕೆ ಈಗ ರಿನ್ಯೂವಲ್ ಕೂಡ ಇಲ್ಲ. ಹಾಗಾಗಿ ಇಲ್ಲಿ ಲೈಸೆನ್ಸ್ ನೋಡಿ ಯಾರೂ ದುಡ್ಡು ಕೊಡುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದೆ, ಅದೇ ಮುಖ್ಯ. ನಮ್ಮಲ್ಲಿ 2003ರಿಂದ ಎಲ್ಲ ಬಾರ್‌ಗೂ ಸರಕು ಹೋಗುವುದು ಸರ್ಕಾರದ ಬಿವರೇಜಸ್ ಕಾರ್ಪೊರೇಷನ್ ಡಿಪೋದಿಂದ. ನಿಮಗೂ ಪಕ್ಕದ ಬಾರಿನವನಿಗೂ ಒಂದೇ ರೇಟು. ಇಲ್ಲಿ ಟೈ ಅಂತ ಇರುತ್ತದೆ. ಕಟ್ಟಡ ಯಾರದ್ದೋ ಬಿಯರೂ ಅವರಿಂದಲೇ, ಅವರು ಹೇಳಿದ ರೇಟಿಗೇ. ರಸ್ತೆ ಆಚೆಗಿನ ಫ್ರೀ ಹೌಸಿನವನು, ಅಂದರೆ ಟೈ ಇಲ್ಲದ ಪಬ್ಬಿನವನು, ಅದೇ ಲಾಗರ್ ಬಿಯರಿನ ಕೆಗ್ಗನ್ನು (ಪೀಪಾಯಿ) ಅಗ್ಗಕ್ಕೆ ತರುತ್ತಾನೆ. ನಾನು ಯಾರ್ಕ್‌ಶೈರಿನಲ್ಲಿ 3 ವರ್ಷ ಪಬ್ ನಡೆಸಿದೆ. ನನ್ನ ಕಂಪನಿ ರೇಟು ಕೆಗ್ಗಿಗೆ 195 ಪೌಂಡ್, ಹೊರಗೆ ಅದೇ ಕೆಗ್ಗು 145. ಎರಡಕ್ಕೂ ವ್ಯಾಟ್ ಬೇರೆ.

ಬಾಣಸಿಗರೇ, 28,000 ಬಾಡಿಗೆ ಅಂತೀರಲ್ಲ, ಅದು ಕಣ್ಣಿಗೆ ಕಾಣುವ ಬಾಡಿಗೆ ಅಷ್ಟೇ. ಇನ್ನೊಂದು ಬಾಡಿಗೆ ಪೈಪಿನಲ್ಲಿ ಹರಿಯುತ್ತದೆ. ಪಬ್ಬಿನವರ ಭಾಷೆಯಲ್ಲಿ ಅದಕ್ಕೆ ವೆಟ್ ರೆಂಟ್ ಅಂತಾರೆ.

ಲೆಕ್ಕದ ಮೇಡಂ · ಸೋಮವಾರ ಬೆಳಗ್ಗೆ

ಲೆಸ್ಟರಿನಲ್ಲಿ ಅಕೌಂಟೆಂಟ್ ಆಗಿದ್ದೇನೆ. ನಾಲ್ಕೈದು ಪಬ್‌ಗಳ ಲೆಕ್ಕ ನೋಡುತ್ತೇನೆ. ಕೈ ಸುಟ್ಟವರು ಕೊಟ್ಟ ರೇಟನ್ನೇ ಹಿಡಿದು ಒಂದು ಲೆಕ್ಕ ಮಾಡೋಣ. ನಿಮ್ಮ ಪಬ್ಬಿನ ರೇಟು ಬೇರೆ ಇರಬಹುದು, ಆಮೇಲೆ ತಿದ್ದಿಕೊಳ್ಳಿ.

ಒಂದು ಬ್ಯಾರೆಲ್ ಅಂದರೆ 36 ಗ್ಯಾಲನ್, 288 ಪೈಂಟ್. 200 ಬ್ಯಾರೆಲ್ಲಿಗೆ 57,600 ಪೈಂಟ್. 11 ಗ್ಯಾಲನ್ ಕೆಗ್ಗಿನಲ್ಲಿ 88 ಪೈಂಟ್ ಇರುತ್ತದೆ. ಕೆಗ್ಗಿಗೆ 50 ಪೌಂಡ್ ಜಾಸ್ತಿ ಅಂದರೆ ಪೈಂಟಿಗೆ ಸುಮಾರು 57 ಪೆನ್ಸ್. ವರ್ಷಕ್ಕೆ ಸುಮಾರು 32,700 ಪೌಂಡ್. ಅಂದರೆ ಪೈಪಿನ ಬಾಡಿಗೆ ಕಟ್ಟಡದ ಬಾಡಿಗೆಗಿಂತ ದೊಡ್ಡದು. ಎರಡೂ ಸೇರಿದರೆ 60,000 ದಾಟುತ್ತದೆ.

ಈಗ ಒಂದು ಪೈಂಟ್ ಬಿಡಿಸಿ ನೋಡಿ. 4.80ಕ್ಕೆ ಮಾರಿದರೆ ಅದರಲ್ಲಿ 80 ಪೆನ್ಸ್ ವ್ಯಾಟ್, ಅದು ನಿಮ್ಮದಲ್ಲ. ಉಳಿದ 4 ಪೌಂಡಿನಲ್ಲಿ ಬಿಯರಿನ ಅಸಲು 2.22. ಕೈಯಲ್ಲಿ 1.78. 57,600 ಪೈಂಟಿಗೆ ಸುಮಾರು 1,02,500 ಪೌಂಡ್. ಒಂದು ಹನಿಯೂ ಚೆಲ್ಲಲಿಲ್ಲ ಅಂದುಕೊಂಡು ಹೇಳುತ್ತಿದ್ದೇನೆ. ಚೆಲ್ಲುತ್ತದೆ.

ಇದರಲ್ಲಿ 28,000 ಬಾಡಿಗೆ ಕಳೆಯಿರಿ. ಬಾರಿಗೆ ವಾರಕ್ಕೆ 80 ಗಂಟೆ ಆಳು ಬೇಕು ಅಂದುಕೊಳ್ಳಿ. 2025ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗೆ 21 ವರ್ಷ ದಾಟಿದವರಿಗೆ ಗಂಟೆಗೆ ಕನಿಷ್ಠ 12.21 ಪೌಂಡ್ ಇತ್ತು, ಅದನ್ನೇ ಹಿಡಿಯೋಣ. ವರ್ಷಕ್ಕೆ 50,800. ರಜೆ ಸಂಬಳ, ಪಿಂಚಣಿ ಬೇರೆ. ಉಳಿಯಿತು 23,700. ಕರೆಂಟು, ಗ್ಯಾಸಿಗೆ 18,000 ಇಡಿ. ನನ್ನ ಒಬ್ಬ ಕಕ್ಷಿದಾರರಿಗೆ ಕಳೆದ ವರ್ಷ ಬಂದ ಬಿಲ್ಲು ಅಷ್ಟು. ಈಗ 5,700. ಇನ್ಶೂರೆನ್ಸ್, ಬಿಸಿನೆಸ್ ರೇಟ್ಸ್ (ವ್ಯಾಪಾರದ ಕಟ್ಟಡದ ತೆರಿಗೆ), ಕಸ, ಟಿವಿ, ಸಂಗೀತದ ಲೈಸೆನ್ಸ್, ಸ್ಟಾಕ್ ಎಣಿಸುವವರು, ಅಕೌಂಟೆಂಟ್ (ನಮಗೂ ಹೊಟ್ಟೆ ಇದೆ) ಇನ್ನೂ ಬಂದಿಲ್ಲ. ನಿಮ್ಮಿಬ್ಬರ ಸಂಬಳವಂತೂ ಬಂದೇ ಇಲ್ಲ.

ಬಿಸಿನೆಸ್ ರೇಟ್ಸ್ ಬಗ್ಗೆ ಎಚ್ಚರ. ಇಂಗ್ಲೆಂಡಿನಲ್ಲಿ ಪಬ್ಬಿಗೆ ಇದ್ದ ಶೇ 75 ರಿಯಾಯಿತಿ 2025ರ ಏಪ್ರಿಲ್‌ನಲ್ಲಿ ಶೇ 40ಕ್ಕೆ ಇಳಿಯಿತು, ಅದೂ 2026ರ ಮಾರ್ಚ್‌ವರೆಗೆ ಮಾತ್ರ. ಹಳೇ ಟೆನೆಂಟಿನ ಲೆಕ್ಕಪತ್ರ ತೋರಿಸಿದರೆ ಆ ಸಾಲು ಯಾವ ವರ್ಷದ್ದು ಅಂತ ನೋಡಿ. ಆಳಿನ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಕೂಡ ಅದೇ ತಿಂಗಳು ಶೇ 15ಕ್ಕೆ ಏರಿತು. ಆಳಿನ ಸಂಬಳ 5,000 ಪೌಂಡ್ ದಾಟಿದರೆ ಶುರು. ಮೊದಲು ಅದು 9,100 ಇತ್ತು. ವಾರಕ್ಕೆರಡು ದಿನ ಬರುವ ಆಳುಗಳಿಗೂ ಈಗ ತಾಗಬಹುದು. ಸಣ್ಣವರಿಗೆ ಅದರಲ್ಲಿ 10,500ರವರೆಗೆ ಮಾಫಿ ಇದೆ, ಎಂಪ್ಲಾಯ್‌ಮೆಂಟ್ ಅಲೊಯನ್ಸ್ ಅಂತ, ಪುಣ್ಯಕ್ಕೆ.

ಕುಂದಾಪ್ರದ ಬಾಣಸಿಗ · ಸೋಮವಾರ ಮಧ್ಯಾಹ್ನ

ಮೇಡಂ, ಇದನ್ನು ಬಸ್ಸಿನಲ್ಲಿ ಓದಿದೆ. ಇಳಿಯುವ ಸ್ಟಾಪು ದಾಟಿಹೋಯ್ತು.

ಆದರೆ ಊಟದ ಲಾಭ ಇದರಲ್ಲಿಲ್ಲ ಅಲ್ವಾ? ಅದಕ್ಕೆ ಟೈ ಇಲ್ಲ.

ಹಾಸನದ ದೇಸಿ · ಸೋಮವಾರ ಸಂಜೆ

ಅಣ್ಣ, ಸರಿಯಾದ ಜಾಗಕ್ಕೆ ಬಂದಿರಿ. ನಾನು ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿಯಲ್ಲಿ ಪಬ್ ನಡೆಸುತ್ತಿದ್ದೇನೆ, 6 ವರ್ಷ ಆಯ್ತು. ಹೆದರಿಸುವವರು ಹೆದರಿಸಲಿ. ಮೇಡಂ ಲೆಕ್ಕ ತಪ್ಪಲ್ಲ, ಆದರೆ ಅದು ಬರೀ ಬಿಯರ್ ಮಾರುವ ಪಬ್ಬಿನ ಲೆಕ್ಕ. ಅಂಥ ಪಬ್ಬುಗಳೇ ಮುಚ್ಚುತ್ತಿರೋದು.

ಸ್ಮೆತಿಕ್, ವೆಸ್ಟ್ ಬ್ರಾಮಿಚ್ ಕಡೆ ದೇಸಿ ಪಬ್ ಅಂತ ಒಂದು ಜಾತಿಯೇ ಇದೆ. ಪಂಜಾಬಿಗಳು ಫೌಂಡ್ರಿ ಕೆಲಸಕ್ಕೆ ಬಂದವರು. ಆಗ ಎಷ್ಟೋ ಪಬ್ಬುಗಳಲ್ಲಿ ಕಪ್ಪು, ಕಂದು ಬಣ್ಣದವರಿಗೆ ಒಳಗೆ ಬಿಡುತ್ತಿರಲಿಲ್ಲ, ಬಿಟ್ಟರೂ ಬೇರೆ ಕೋಣೆ. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಸ್ಮೆತಿಕ್‌ನ ಮಾರ್ಷಲ್ ಸ್ಟ್ರೀಟಿಗೆ ಬಂದದ್ದು ಇಂಥದ್ದೇ ಬಣ್ಣಭೇದದ ಗಲಾಟೆಯ ದಿನಗಳಲ್ಲಿ. ಅದೇ ವರ್ಷ ಬಣ್ಣಭೇದದ ವಿರುದ್ಧ ಕಾನೂನು ಬಂತು. ಆಮೇಲೆ ನಮ್ಮವರೇ ಪಬ್ ಹಿಡಿದರು. ಇವತ್ತು ಅಲ್ಲಿ ಬಿಳಿಯರೂ ಪಂಜಾಬಿಗಳೂ ಒಂದೇ ಮೇಜಿನಲ್ಲಿ ಕೂತು ಬಿಸಿ ತಟ್ಟೆಯಲ್ಲಿ ಮಿಕ್ಸಡ್ ಗ್ರಿಲ್ ತಿನ್ನುತ್ತಾರೆ. ನನ್ನ ವಹಿವಾಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಊಟದ್ದೇ.

ಎರಡು ಮಾತು ಮಾತ್ರ. ಮೊದಲನೇದು, ಘೀ ರೋಸ್ಟ್ ಅಂದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಗ್ರಿಲ್ಲು, ವಿಂಗ್ಸು, ಚಿಪ್ಸು ಇಟ್ಟು ಪಕ್ಕದಲ್ಲಿ ನಿಮ್ಮದನ್ನು ಸಣ್ಣ ತಟ್ಟೆಯಲ್ಲಿ ಕೊಡಿ. ಒಂದು ವರ್ಷದಲ್ಲಿ ಅವರೇ ಕೇಳಿಕೊಂಡು ಬರುತ್ತಾರೆ. ನನ್ನಲ್ಲಿ ಪಂದಿ ಕರಿ ಹಾಗೇ ಹೆಸರು ಮಾಡಿತು. ಎರಡನೇದು, ಅಡುಗೆಗೆ ಇನ್ನೊಬ್ಬರು ಯಾರು? ನಿಮಗೆ ಜ್ವರ ಬಂದ ಶನಿವಾರ ಒಲೆ ಮುಂದೆ ಯಾರು ನಿಲ್ಲುತ್ತಾರೆ? ಊರಿಂದ ಭಟ್ಟರನ್ನು ಕರೆಸಿಕೊಳ್ಳುತ್ತೇನೆ ಅನ್ನುವ ದಾರಿ ಮುಚ್ಚಿದೆ. 2025ರ ಜುಲೈಯಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯವಾಗಿ ಡಿಗ್ರಿ ಮಟ್ಟದ ಕೆಲಸವೇ ಆಗಬೇಕು. ಹೊರಗಿಂದ ಹೊಸದಾಗಿ ಶೆಫ್‌ಗಳನ್ನು ತರುವಂತಿಲ್ಲ.

ವೀಸಾ ಕಾಯ್ತಿರುವವ · ಸೋಮವಾರ ಸಂಜೆ

ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಐಟಿ ಕೆಲಸದ ಮೇಲೆ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇನೆ. ಪಿಆರ್ ಬರಲು ಇನ್ನೂ 2 ವರ್ಷ. ಗೆಳೆಯನ ಜೊತೆ ಪಾಲುದಾರನಾಗಿ ಇಂಥ ಪಬ್ ಹಿಡಿಯಬಹುದಾ?

ಲೆಕ್ಕದ ಮೇಡಂ · ಸೋಮವಾರ ರಾತ್ರಿ

ಬೇಡ ತಮ್ಮಾ. ನಿಮ್ಮ ವೀಸಾ ಒಬ್ಬ ಸ್ಪಾನ್ಸರ್ ಕೆಳಗೆ ಒಂದು ಕೆಲಸಕ್ಕೆ ಕೊಟ್ಟದ್ದು. ಸ್ವಂತ ವ್ಯಾಪಾರ ನಡೆಸಲು ಅಲ್ಲ. ಪರ್ಸನಲ್ ಲೈಸೆನ್ಸಿಗೂ ಕೆಲಸ ಮಾಡುವ ಹಕ್ಕು ತೋರಿಸಬೇಕು. ಹೆಸರು ಮಾತ್ರ ಗೆಳೆಯನದು, ಕೆಲಸ ನನ್ನದು ಅನ್ನುವ ಉಪಾಯಕ್ಕೂ ಕೈ ಹಾಕಬೇಡಿ. ಇಮಿಗ್ರೇಷನ್ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.

ದೇಸಿಯವರೇ, ನಿಮ್ಮ ಊಟದ ಮಾತು ಒಪ್ಪಿದೆ. ಆದರೆ ಊಟದಲ್ಲಿ ಶೇ 65 ಉಳಿದರೂ ಆಳಿನ ಖರ್ಚು ಬಾರಿಗಿಂತ ಜಾಸ್ತಿ. ಇನ್ನೊಂದು ಸೂಕ್ಷ್ಮ ಇದೆ. ಬಾಣಸಿಗರು ಕೋಳಿ ಸುಕ್ಕದಿಂದ ವಹಿವಾಟು ಎರಡು ಪಟ್ಟು ಮಾಡಿದರು ಅಂತಿಟ್ಟುಕೊಳ್ಳಿ. ಕಂಪನಿ ಬಾಡಿಗೆ ನಿಗದಿ ಮಾಡುವುದು ಕಟ್ಟಡದ ಅಳತೆ ನೋಡಿ ಅಲ್ಲ. ಆ ಪಬ್ಬಿನಲ್ಲಿ ಒಬ್ಬ ಸಾಧಾರಣ ದಕ್ಷ ಟೆನೆಂಟ್ ಎಷ್ಟು ವ್ಯಾಪಾರ ಮಾಡಬಹುದು ಅಂತ ಅಂದಾಜಿಸುತ್ತಾರೆ. ಅದಕ್ಕೆ ಫೇರ್ ಮೇಂಟೇನಬಲ್ ಟ್ರೇಡ್ ಅಂತಾರೆ. ಖರ್ಚು ಕಳೆದು ಉಳಿದದ್ದನ್ನು ಟೆನೆಂಟ್ ಮತ್ತು ಕಂಪನಿ ಹಂಚಿಕೊಳ್ಳುತ್ತಾರೆ. ಅರ್ಧರ್ಧ ಅನ್ನುವುದು ಮಾತು ಶುರು ಮಾಡುವ ಜಾಗ. ನಿಮ್ಮ ಕೈರುಚಿಯಿಂದ ಬಂದ ಹೆಚ್ಚುವರಿ ವ್ಯಾಪಾರ ಲೆಕ್ಕಕ್ಕೆ ಬರಬಾರದು ಅನ್ನುವುದು ನಿಯಮ. ಆದರೆ ಮುಂದಿನ ರೆಂಟ್ ರಿವ್ಯೂ (ಬಾಡಿಗೆ ಮರುಪರಿಶೀಲನೆ) ದಿನ ಅದನ್ನು ಬೇರ್ಪಡಿಸಿ ತೋರಿಸುವುದು ನಿಮ್ಮ ತಲೆನೋವು. ಮೊದಲ ದಿನದಿಂದಲೇ ಊಟದ ಲೆಕ್ಕ ಬೇರೆ ಪುಸ್ತಕದಲ್ಲಿಡಿ.

ಗ್ಲಾಸ್ಗೊ ಗೌಡ · ಸೋಮವಾರ ರಾತ್ರಿ

ಸ್ಕಾಟ್ಲೆಂಡಿನವರು ಇದನ್ನು ಓದುತ್ತಿದ್ದರೆ: ನಮ್ಮಲ್ಲಿ ಲೈಸೆನ್ಸಿಂಗ್ ಕಾಯ್ದೆಯೂ ಬೇರೆ, ಟೈ ಪಬ್ಬಿನ ಕಾಯ್ದೆಯೂ ಬೇರೆ (2021ರದ್ದು). ಇಲ್ಲಿ ಹೇಳಿದ್ದನ್ನು ಹಾಗೇ ತೆಗೆದುಕೊಂಡು ಹೋಗಬೇಡಿ.

ಕೈ ಸುಟ್ಟವನು · ಸೋಮವಾರ ರಾತ್ರಿ

ದೇಸಿಯವರು ಗೆದ್ದವರು, ಸಂತೋಷ. ನಾನು ಸೋತವನ ಕಡೆಯಿಂದ ಹೇಳುತ್ತೇನೆ.

ನನ್ನ ತಪ್ಪು ಬಿಯರಿನದಲ್ಲ, ರಿಪೇರಿಯದು. ಕರಾರಿನಲ್ಲಿ ಒಂದು ಸಾಲು ಇತ್ತು. ಗೋಡೆ, ಛಾವಣಿ ಕಂಪನಿಯದು, ಒಳಗಿನದು ಹಾಗೂ ನೀರು, ಶಾಖದ ಉಪಕರಣ ಟೆನೆಂಟಿನದು. ಓದಿದ್ದೆ, ತಲೆಗೆ ಹೋಗಿರಲಿಲ್ಲ. ಮೊದಲ ಡಿಸೆಂಬರ್‌ನಲ್ಲಿ ಬಾಯ್ಲರ್ ಸತ್ತಿತು. ಕ್ರಿಸ್‌ಮಸ್ ಊಟಕ್ಕೆ 60 ಜನ ಬುಕ್ ಆಗಿದ್ದರು. ಹೊಸ ಬಾಯ್ಲರ್, ಕೂಲಿ ಸೇರಿ 4,200 ಪೌಂಡ್. ಕೈಯಲ್ಲಿದ್ದ ಕೊನೆಯ ದುಡ್ಡು ಅದು. ಆಮೇಲೆ ಅಲ್ಲಿದ್ದಷ್ಟು ದಿನ ಸಾಲದ ಹಿಂದೆಯೇ ಓಡಿದೆ. ಬಿಟ್ಟು ಹೊರಡುವ ದಿನ ಮತ್ತೊಂದು ಪಟ್ಟಿ ಬಂತು, ಡೈಲಾಪಿಡೇಷನ್ಸ್ ಅಂತ, ಅಂದರೆ ನಾನು ಸರಿಮಾಡಿಸಿಕೊಡಬೇಕಾದ ಹಾಳಾದ ವಸ್ತುಗಳ ಪಟ್ಟಿ. ಬಾತ್‌ರೂಮಿನ ಒಡೆದ ಹೆಂಚು, ಕಿಟಕಿಯ ಬಣ್ಣ, ಬಿಯರ್ ಇಡುವ ನೆಲಮಾಳಿಗೆ ಅಂದರೆ ಸೆಲ್ಲರಿನ ಬಾಗಿಲು. ಅರ್ಧಕ್ಕರ್ಧ ನಾನು ಬರುವಾಗಲೇ ಹಾಗಿದ್ದವು. ಸಾಬೀತು ಮಾಡಲು ನನ್ನ ಹತ್ತಿರ ಒಂದು ಫೋಟೊ ಇರಲಿಲ್ಲ. ಡಿಪಾಸಿಟ್ಟು ಅಲ್ಲೇ ಕರಗಿತು.

ಊರಿನಲ್ಲಿ ದನ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಪಬ್ಬಿನ ಹಲ್ಲು ಇರುವುದು ಬಾಯ್ಲರ್ ರೂಮಿನಲ್ಲಿ, ಸೆಲ್ಲರಿನಲ್ಲಿ, ಅಡುಗೆಮನೆಯ ಎಕ್ಸ್‌ಟ್ರಾಕ್ಷನ್ ಫ್ಯಾನಿನಲ್ಲಿ. ಬಾರಿನ ಹೊಳೆಯುವ ಹಿತ್ತಾಳೆ ನೋಡಿ ಸೋಲಬೇಡಿ. ಸರ್ವೇಯರ್ ಕರೆದುಕೊಂಡು ಹೋಗಿ. ಈಗಿನ ಸ್ಥಿತಿಯನ್ನು ಫೋಟೊ ಸಮೇತ ಬರೆದು ಶೆಡ್ಯೂಲ್ ಆಫ್ ಕಂಡೀಷನ್ ಅಂತ ಕರಾರಿಗೆ ಸೇರಿಸಿ. ಗ್ಯಾಸ್, ವಿದ್ಯುತ್, ಆಸ್ಬೆಸ್ಟಾಸ್ ಕಾಗದ ಕೇಳಿ. 18,000ದ ಇನ್ವೆಂಟರಿ ಬೆಲೆ ಕಟ್ಟಿದ್ದು ಯಾರು ಅಂತಲೂ ಕೇಳಿ. ನಿಮ್ಮ ಪರವಾಗಿ ಒಬ್ಬ ವ್ಯಾಲ್ಯೂಯರ್ ಬೇಕೇ ಬೇಕು. ನನಗೆ ಮಾರಿದ ಪಟ್ಟಿಯಲ್ಲಿ ಓಡದ ಡಿಶ್‌ವಾಷರ್ ಇತ್ತು.

ಲೆಕ್ಕದ ಮೇಡಂ · ಮಂಗಳವಾರ ಬೆಳಗ್ಗೆ

ಇಲ್ಲಿ ಕಾನೂನಿನ ಮಾತು ಸೇರಿಸುತ್ತೇನೆ. ಹಿಂದೆ ಬ್ರೂವರಿಗಳೇ ಪಬ್ ಇಟ್ಟುಕೊಂಡಿದ್ದವು. 1989ರಲ್ಲಿ ಸರ್ಕಾರ 2,000ಕ್ಕಿಂತ ಹೆಚ್ಚು ಪಬ್ ಇದ್ದ ಬ್ರೂವರಿಗಳು ಆ ಸಂಖ್ಯೆ ಮೀರಿದ ಪಬ್‌ಗಳಲ್ಲಿ ಅರ್ಧದ ಟೈ ಬಿಡಬೇಕು ಅಂತ ಆದೇಶಿಸಿತು. ಅವು ಸಾವಿರಗಟ್ಟಲೆ ಪಬ್ ಮಾರಿದವು. ಕೊಂಡವರು ಬಿಯರ್ ಕಾಯಿಸದ ಆಸ್ತಿ ಕಂಪನಿಗಳು. ಟೈ ಮಾತ್ರ ಹೋಗಲಿಲ್ಲ, ಯಜಮಾನ ಬದಲಾದ ಅಷ್ಟೇ. ಟೆನೆಂಟುಗಳು ಹತ್ತಾರು ವರ್ಷ ಕೂಗಾಡಿದ ಮೇಲೆ 2016ರಲ್ಲಿ ಇಂಗ್ಲೆಂಡ್, ವೇಲ್ಸ್‌ಗೆ ಟೈ ಟೆನೆಂಟುಗಳನ್ನು ಕಾಯುವ ನಿಯಮಾವಳಿ, ಪಬ್ಸ್ ಕೋಡ್ ಬಂತು. 500 ಅಥವಾ ಅದಕ್ಕಿಂತ ಜಾಸ್ತಿ ಟೈ ಪಬ್ ಇರುವ ಕಂಪನಿಗಳಿಗೆ ಅನ್ವಯ. ಅಡ್ಮಿರಲ್, ಗ್ರೀನ್ ಕಿಂಗ್, ಮಾರ್ಸ್ಟನ್ಸ್, ಪಂಚ್, ಸ್ಟಾರ್, ಸ್ಟೋನ್‌ಗೇಟ್. ನಿಮ್ಮದು ಇವುಗಳಲ್ಲಿ ಒಂದಾ ಅಂತ ಮೊದಲು ನೋಡಿ. ಸಣ್ಣ ಕುಟುಂಬದ ಬ್ರೂವರಿ ಆದರೆ ಈ ಕೋಡ್ ಇಲ್ಲ.

ಕೋಡ್ ಇದ್ದರೆ ಕಂಪನಿ ನಿಮಗೆ ಪಬ್ಬಿನ ಮಾಹಿತಿ, ಲೆಕ್ಕ ಬಿಡಿಸಿದ ರೆಂಟ್ ಪ್ರಪೋಸಲ್ ಕೊಡಬೇಕು. ನೀವು ತರಬೇತಿ ಮುಗಿಸಿ, ಸಲಹೆ ಪಡೆದು, ಬಿಸಿನೆಸ್ ಪ್ಲಾನ್ ಮಾಡಿರಬೇಕು. ಇದನ್ನು ಅವರ ಕಾಟಾಚಾರ ಅಂತ ನೋಡಬೇಡಿ, ನಿಮ್ಮ ಆಯುಧ ಅದು.

ಟೈ ಬಿಡಿಸಿಕೊಂಡು ಬರೀ ಮಾರುಕಟ್ಟೆ ಬಾಡಿಗೆ ಕಟ್ಟುವ ಹಕ್ಕೂ ಇದೆ. ಮಾರ್ಕೆಟ್ ರೆಂಟ್ ಓನ್ಲಿ, ಎಂಆರ್‌ಒ ಅಂತಾರೆ. ಆದರೆ ಬೇಕೆಂದಾಗ ಸಿಗುವುದಿಲ್ಲ. ರೆಂಟ್ ರಿವ್ಯೂ, ಕರಾರು ನವೀಕರಣ, ಬಿಯರ್ ಬೆಲೆಯ ದೊಡ್ಡ ಏರಿಕೆ, ಇಂಥ ಕೆಲವು ಸಂದರ್ಭದಲ್ಲಿ ಮಾತ್ರ. ಕಂಪನಿ ದೊಡ್ಡ ಹಣ ಹಾಕಿ ಪಬ್ ನವೀಕರಿಸುತ್ತೇವೆ ಅಂದರೆ ಆ ಕಾಗದ ನಿಧಾನಕ್ಕೆ ಓದಿ. ಅದಕ್ಕೆ ಒಪ್ಪಿದರೆ 7 ವರ್ಷದವರೆಗೂ ಈ ಹಕ್ಕು ಬಿಟ್ಟುಕೊಟ್ಟ ಹಾಗಾಗಬಹುದು. ಸುಮ್ನೆ ಯಾರೂ ಹೊಸ ಅಡುಗೆಮನೆ ಹಾಕಿಸಿಕೊಡುವುದಿಲ್ಲ.

ಇನ್ನೊಂದು. 1954ರ ಕಾಯ್ದೆ ಪ್ರಕಾರ ವ್ಯಾಪಾರದ ಬಾಡಿಗೆದಾರನಿಗೆ ಅವಧಿ ಮುಗಿದ ಮೇಲೆ ಕರಾರು ನವೀಕರಿಸಿಕೊಳ್ಳುವ ಹಕ್ಕಿದೆ. 5 ವರ್ಷದ ಟೆನೆನ್ಸಿಗಳಲ್ಲಿ ಈ ಹಕ್ಕು ಬಿಡಿಸಿಯೇ ಸಹಿ ಹಾಕಿಸುವುದುಂಟು. ಒಂದು ಎಚ್ಚರಿಕೆ ನೋಟಿಸ್ ಕೊಟ್ಟು ನಿಮ್ಮಿಂದ ಡಿಕ್ಲರೇಷನ್ ಪಡೆಯುತ್ತಾರೆ. ಆ ಕಾಗದ ಬಂದರೆ ಅರ್ಥ ಇಷ್ಟೇ: 5 ವರ್ಷ ಬೆಳೆಸಿದ ಗಿರಾಕಿಗಳನ್ನು ಬಿಟ್ಟು ಹೋಗಬೇಕಾಗಬಹುದು.

ಮಹಡಿ ಮನೆಯವಳು · ಮಂಗಳವಾರ ಮಧ್ಯಾಹ್ನ

ಲೆಕ್ಕ, ಕಾನೂನು ಎಲ್ಲ ಆಯ್ತು. ಆ ಮೂರು ಬೆಡ್‌ರೂಮಿನ ಬಗ್ಗೆ ಯಾರೂ ಮಾತಾಡಲಿಲ್ಲ.

ನಾನು ಮೈಸೂರಿನವಳು. ಗಂಡನ ಪಬ್ಬಿನ ಮೇಲೆ 9 ವರ್ಷ ಸಂಸಾರ ಮಾಡಿದ್ದೇನೆ. ಶುಕ್ರವಾರ ರಾತ್ರಿ ನೆಲ ಅದುರುತ್ತದೆ. ಮಗ ಓದುವುದು ಬೆಳಗ್ಗೆ 5ಕ್ಕೆ ಅಂತ ರೂಢಿ ಮಾಡಿಕೊಂಡ. ಹುರಿದ ಎಣ್ಣೆ ವಾಸನೆ ರೇಷ್ಮೆ ಸೀರೆಗೂ ಹತ್ತುತ್ತದೆ. ಯುಗಾದಿ ವಾರದ ದಿನ ಬಂದರೆ ಪುಣ್ಯ. ಶನಿವಾರ ಬಂದರೆ ಹಬ್ಬವೂ ಇಲ್ಲ, ಒಬ್ಬಟ್ಟೂ ಇಲ್ಲ. ಬೆಳಗ್ಗೆ 8ಕ್ಕೆ ಡ್ರೇ ಲಾರಿ ಬಂದು ಕೆಗ್ಗು ಇಳಿಸುತ್ತದೆ, ರಾತ್ರಿ 1ಕ್ಕೆ ಕೊನೇ ಲೋಟ ತೊಳೆಯುತ್ತೇವೆ. ಇವೆರಡರ ಮಧ್ಯೆ ಸೆಲ್ಲರ್ 11ರಿಂದ 13 ಡಿಗ್ರಿ ಇದೆಯಾ, ವಾರಕ್ಕೊಮ್ಮೆ ಪೈಪು ತೊಳೆದೆವಾ, ತೆರೆದ ಕಾಸ್ಕ್ (ಬೇಗ ಕೆಡುವ ಏಲ್ ಬಿಯರಿನ ಪೀಪಾಯಿ) ಮೂರು ದಿನದಲ್ಲಿ ಖಾಲಿ ಆಗುತ್ತದಾ ಅಂತ ನೋಡಬೇಕು. ಪೈಪು ತೊಳೆದಾಗ ಚೆಲ್ಲುವ ಬಿಯರ್ ನಮ್ಮ ದುಡ್ಡು.

ಮುಖ್ಯವಾದದ್ದು ಇನ್ನೊಂದು. ಪಬ್ ಹೋದರೆ ಮನೆಯೂ ಹೋಗುತ್ತದೆ. ಕೆಲಸ ಹೋದ ದಿನವೇ ಮಗಳನ್ನು ಕರೆದುಕೊಂಡು ಬೇರೆ ಮನೆ ಹುಡುಕುವುದು ಅಂದರೆ ಏನು ಅಂತ ಇಬ್ಬರೂ ಕೂತು ಮಾತಾಡಿ. ನಿಮ್ಮ ಹೆಂಡತಿಯ ಕೇರ್ ಹೋಮ್ ಸಂಬಳ ಮೊದಲ ವರ್ಷ ಬಿಡಲೇಬೇಡಿ. ಅಕ್ಕ ಹೇಳಿದಳು ಅಂತ ಹೇಳಿ.

ಪಬ್ ಕಂಪನಿಯವರು ಪರ್ಸನಲ್ ಗ್ಯಾರಂಟಿ ಕೇಳುತ್ತಾರೆ, ಅಂದರೆ ವ್ಯಾಪಾರ ಕಟ್ಟದ ಬಾಕಿಯನ್ನು ನಮ್ಮ ಕೈಯಿಂದ ಕಟ್ಟುತ್ತೇವೆ ಅನ್ನುವ ಮಾತು. ಲಿಮಿಟೆಡ್ ಕಂಪನಿ ಮಾಡಿದ್ದೇವೆ, ನಮಗೇನೂ ಆಗಲ್ಲ ಅಂದುಕೊಂಡಿದ್ದೆವು. ಗ್ಯಾರಂಟಿಗೆ ಸಹಿ ಹಾಕಿದ ಮೇಲೆ ಲಿಮಿಟೆಡ್ ಅನ್ನುವುದು ಬೋರ್ಡಿನ ಮೇಲಷ್ಟೇ.

ಬೆಂಗ್ಳೂರ್ ಗುರು · ಮಂಗಳವಾರ ಸಂಜೆ

ನನ್ನ ಮೊದಲ ಕಾಮೆಂಟ್ ವಾಪಸ್ ತಗೊಂಡೆ. ಒಂದು ಡೌಟು. ಹೊರಗಿಂದ ಕೆಗ್ಗು ತಂದು ಮೆಲ್ಲಗೆ ಸೇರಿಸಿದರೆ ಯಾರಿಗೆ ಗೊತ್ತಾಗುತ್ತೆ?

ಕೈ ಸುಟ್ಟವನು · ಮಂಗಳವಾರ ಸಂಜೆ

ಪೈಪಿನಲ್ಲಿ ಮೀಟರ್ ಕೂರಿಸಿರುತ್ತಾರೆ ಗುರುಗಳೇ. ಎಷ್ಟು ಹರಿಯಿತು, ಎಷ್ಟು ಕೊಂಡಿರಿ ಅಂತ ತಾಳೆ ನೋಡುತ್ತಾರೆ. ಮೀಟರ್ ಲೆಕ್ಕ ಒಂದನ್ನೇ ಹಿಡಿದು ದಂಡ ಹಾಕುವಂತಿಲ್ಲ ಅಂತ ಕೋಡ್ ಹೇಳುತ್ತದೆ. ಆದರೂ ಆ ದಾರಿ ಬೇಡ. ಚೌಕಾಸಿ ಮಾಡಬೇಕಾದ್ದು ಸಹಿಗೆ ಮುಂಚೆ. ಬಿಯರಿಗೆ ಬ್ಯಾರೆಲ್ ಲೆಕ್ಕದಲ್ಲಿ ಡಿಸ್ಕೌಂಟ್, ಸೈಡರ್, ವೈನ್, ಸ್ಪಿರಿಟ್ಸ್ ಟೈಯಿಂದ ಹೊರಗೆ, ಜೂಜಿನ ಮೆಷೀನಿನ ಪಾಲು, ಇವೆಲ್ಲ ಮಾತಿಗೆ ಬರುವ ವಿಷಯ. ಕೇಳದವರಿಗೆ ಯಾರೂ ಕೊಡಲ್ಲ.

ಬಾಣಸಿಗರೇ, ಒಂದು ಕೆಲಸ ಮಾಡಿ. ಕಳೆದ 3 ವರ್ಷದ ಬ್ಯಾರೆಲ್ ಲೆಕ್ಕ, ವರ್ಷ ಬಿಡಿಸಿ ಕೇಳಿ. ಹಿಂದಿನ ಟೆನೆಂಟುಗಳು ಎಷ್ಟು ಜನ, ಯಾಕೆ ಬಿಟ್ಟರು ಅಂತ ಕೇಳಿ. ಹತ್ತಿರದ ಪಬ್ಬಿಗೆ ಹೋಗಿ ಒಂದು ಮಂಗಳವಾರ ರಾತ್ರಿ ಕೂತುಕೊಳ್ಳಿ. ಶುಕ್ರವಾರ ಎಲ್ಲ ಪಬ್ಬೂ ತುಂಬಿರುತ್ತದೆ.

ಹಾಸನದ ದೇಸಿ · ಮಂಗಳವಾರ ರಾತ್ರಿ

ಹಳೇ ಆಳುಗಳ ವಿಷಯವೂ ಕೇಳಿ ಅಣ್ಣ. ನಿಮ್ಮದು ಖಾಲಿ ಅಂತೀರಿ, ಆದರೂ ಗೊತ್ತಿರಲಿ. ಪಬ್ ನಡೆಯುತ್ತಿರುವಾಗ ಹಿಡಿದರೆ ಹಳಬರ ಸಂಬಳ, ಸೇವಾ ವರ್ಷ ಎಲ್ಲ ನಿಮ್ಮ ತಲೆಗೆ ಬರುತ್ತದೆ. ಟ್ಯೂಪಿ ಅಂತಾರೆ. ನನಗೆ 11 ವರ್ಷ ಸರ್ವೀಸಿನ ಬಾರ್‌ಮೇಡ್ ಹೀಗೇ ಬಂದರು. ಅದು ನನ್ನ ಅದೃಷ್ಟ, ಊರೆಲ್ಲ ಅವರಿಗೆ ಗೊತ್ತು. ಎಲ್ಲರಿಗೂ ಹಾಗಾಗುವುದಿಲ್ಲ.

ಟಿವಿಯಲ್ಲಿ ಫುಟ್‌ಬಾಲ್ ಹಾಕಬೇಕಂದರೆ ಮನೆಯ ಸ್ಕೈ ಕಾರ್ಡ್ ನಡೆಯಲ್ಲ. ಪಬ್ಬಿನ ಚಂದಾ ಬೇರೆ, ಅದಕ್ಕೆ ರೇಟಬಲ್ ವ್ಯಾಲ್ಯೂ (ಬಿಸಿನೆಸ್ ರೇಟ್ಸಿಗಾಗಿ ಕಟ್ಟಡಕ್ಕೆ ಕಟ್ಟಿದ ಮೌಲ್ಯ) ನೋಡಿ ಬೆಲೆ ಹಾಕುತ್ತಾರೆ. ನಾನು ಎರಡನೇ ವರ್ಷ ಕಿತ್ತು ಹಾಕಿದೆ. ಆ ಗೋಡೆಗೆ ಎರಡು ಮೇಜು ಜಾಸ್ತಿ ಹಿಡಿಯಿತು.

ಕುಂದಾಪ್ರದ ಬಾಣಸಿಗ · ಎರಡು ವಾರದ ನಂತರ

ಎಲ್ಲರಿಗೂ ಉತ್ತರ ಕೊಡಲು ತಡವಾಯ್ತು. ಹೇಳಿದ್ದನ್ನೆಲ್ಲ ಮಾಡಿದೆವು.

ಬ್ಯಾರೆಲ್ ಲೆಕ್ಕ ಬಂತು. 212, 187, 151. ಜಾಹೀರಾತಿನ 200 ಅಂದರೆ ಮೊದಲೆರಡು ವರ್ಷದ ಸರಾಸರಿ ಅಂತೆ. ಮೇಡಂ ಲೆಕ್ಕಕ್ಕೆ 151 ಹಾಕಿ ನೋಡಿದೆವು. ಬಾಡಿಗೆ, ಸಂಬಳ ಕಳೆದರೆ ಕರೆಂಟು ಬಿಲ್ಲಿಗೆ ಮುಂಚೆಯೇ 1,400 ಪೌಂಡ್ ಮೈನಸ್. ಹೆಂಡತಿ ಏನೂ ಹೇಳಲಿಲ್ಲ. ಆ ಸಂಖ್ಯೆಯ ಸುತ್ತ ಒಂದು ವೃತ್ತ ಎಳೆದಳು.

ಪಕ್ಕದ ಪಬ್ಬಿನಲ್ಲಿ ಮಂಗಳವಾರ ರಾತ್ರಿ ಕೂತೆವು. ಒಬ್ಬ ಅಜ್ಜ ಮಾತಿಗೆ ಸಿಕ್ಕಿದರು. ನಾವು ಹಿಡಿಯಬೇಕೆಂದಿರುವ ಪಬ್ಬಿನಲ್ಲಿ 4 ವರ್ಷಕ್ಕೆ ಮೂವರು ಬಂದು ಹೋದರಂತೆ. ಕೊನೆಯವರು ಊಟ ನಿಲ್ಲಿಸಿದ ಮೇಲೆ ಭಾನುವಾರದ ಜನವೂ ಹೋಯ್ತಂತೆ. ಒಳ್ಳೆಯ ಊಟ ಸಿಗುತ್ತದೆ ಅಂದರೆ ನಾನಂತೂ ಬರುತ್ತೇನೆ ಅಂದರು. ಅದೊಂದೇ ಆಸೆ.

ಕಂಪನಿಯ ಮ್ಯಾನೇಜರ್ ಜೊತೆ ಕೂತೆವು. 151ನ್ನೇ ಇಟ್ಟುಕೊಂಡು ಬಾಡಿಗೆ ಲೆಕ್ಕ ಹಾಕಿ ಅಂದೆ. ಮೊದಲ ವರ್ಷ 18,000, ಎರಡನೇ ವರ್ಷ 23,000, ಮೂರನೇ ವರ್ಷದಿಂದ 28,000 ಅಂದರು. ಸ್ಪಿರಿಟ್ಸ್, ವೈನ್ ಟೈಯಿಂದ ಬಿಡಲು ಒಪ್ಪಿದರು. ಬಿಯರ್ ಡಿಸ್ಕೌಂಟ್ ಬಗ್ಗೆ ಮೇಲಿನವರನ್ನು ಕೇಳುತ್ತಾರಂತೆ.

ಲೆಕ್ಕದ ಮೇಡಂ · ಅದೇ ದಿನ

ಮೆಟ್ಟಿಲು ಬಾಡಿಗೆ ಕೇಳಲು ಚೆಂದ. ಆದರೆ ಮೂರನೇ ವರ್ಷ ಹಳೇ ಸಂಖ್ಯೆಗೇ ಬಂದು ನಿಂತಿತಲ್ಲ. ವ್ಯಾಪಾರ ಏರಿದರೆ ಬಾಡಿಗೆ ಏರಲಿ ಅನ್ನಿ. ಕ್ಯಾಲೆಂಡರ್ ತಿರುಗಿತು ಅಂತ ಏರಬಾರದು. ಜೊತೆಗೆ ಮೊದಲ ವರ್ಷದೊಳಗೆ ನೋಟಿಸ್ ಕೊಟ್ಟು ಬಿಡುವ ಅವಕಾಶ ಕರಾರಿನಲ್ಲೇ ಬರೆಸಿ. ಕೆಲವು ಕಂಪನಿಗಳು ಕೊಡುತ್ತವೆ.

ಹಾಸನದ ದೇಸಿ · ಅದೇ ದಿನ

18,000ಕ್ಕೆ ನಾನಾದರೆ ಹಿಡಿಯುತ್ತೇನೆ. ಮೇಡಂ ಬೈಯಲಿ.

ಕುಂದಾಪ್ರದ ಬಾಣಸಿಗ · ಅದೇ ದಿನ ರಾತ್ರಿ

ಮೇಡಂ ಹೇಳಿದ್ದನ್ನೇ ಬರೆದು ಕಳಿಸಿದ್ದೇವೆ. ಮೂರನೇ ವರ್ಷ 28,000 ಆಗಬೇಕಾದರೆ 200 ಬ್ಯಾರೆಲ್ ದಾಟಿರಬೇಕು, ಇಲ್ಲದಿದ್ದರೆ 23,000ದಲ್ಲೇ ನಿಲ್ಲಬೇಕು. ಒಪ್ಪದಿದ್ದರೆ ಬೇಡ ಅಂತ ಹೆಂಡತಿ ತೀರ್ಮಾನ ಮಾಡಿದ್ದಾಳೆ. ಅವಳು ಕೆಲಸವನ್ನಂತೂ ಬಿಡುತ್ತಿಲ್ಲ. ಗುರುವಾರ ವಕೀಲರ ಹತ್ತಿರ ಹೋಗುತ್ತೇವೆ. ಸೆಲ್ಲರಿನಿಂದ ಅಟ್ಟದವರೆಗೆ 143 ಫೋಟೊ ತೆಗೆದಿದ್ದೇನೆ.

ಕೈ ಸುಟ್ಟವನು · ಅದೇ ದಿನ ರಾತ್ರಿ

ಬಾಯ್ಲರ್ ಯಾವ ವರ್ಷದ್ದು?

ಕುಂದಾಪ್ರದ ಬಾಣಸಿಗ · ಅದೇ ದಿನ ರಾತ್ರಿ

1998.